ಡಬ್ಬದ ಮೇಲೆ 3200, ಒಳಗೆ 2133

2020ರ ನವೆಂಬರ್. ಆಫೀಸು ಪೂರ್ತಿ ಮನೆಗೇ ಬಂದು ಕೂತಿದ್ದ ಕಾಲ. ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ಜೋಡಿಸಿಕೊಂಡೆ. ಪ್ರೊಸೆಸರ್ ಇಂಟೆಲ್ ಐ5-10400, ಮದರ್‌ಬೋರ್ಡ್ ಬಿ460. ರ‍್ಯಾಮ್ ವಿಷಯಕ್ಕೆ ಬಂದಾಗ ಅಂಗಡಿಯ ಹುಡುಗ ಎರಡು ಡಬ್ಬ ಮುಂದಿಟ್ಟ. ಒಂದರ ಮೇಲೆ 2666, ಇನ್ನೊಂದರ ಮೇಲೆ 3200. "ಇದು ಫಾಸ್ಟು ಮೇಡಂ, ಸ್ವಲ್ಪ ಜಾಸ್ತಿ ಆಗತ್ತೆ" ಅಂದ. ಫಾಸ್ಟು ಅಂದ್ಮೇಲೆ ಇನ್ನೇನು ಯೋಚನೆ? ಜಾಸ್ತಿ ದುಡ್ಡು ಕೊಟ್ಟು 3200ರದ್ದೇ ತಂದೆ.

ಎರಡು ವರ್ಷ ಆದ್ಮೇಲೆ ಒಂದಿನ ಯಾವುದೋ ಪ್ರೋಗ್ರಾಂ ಅಲ್ಲಾಡದೆ ನಿಂತಿತು ಅಂತ ಟಾಸ್ಕ್ ಮ್ಯಾನೇಜರ್ ತೆಗೆದೆ. ಸುಮ್ನೆ ಕುತೂಹಲಕ್ಕೆ ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ ಅಂತ ಒತ್ತಿದೆ. ಸ್ಪೀಡ್: 2133.

ಎರಡು ವರ್ಷ! ದುಡ್ಡು ಕೊಟ್ಟಿದ್ದು 3200ಕ್ಕೆ, ಓಡ್ತಿದ್ದದ್ದು 2133ರಲ್ಲಿ. ಅವತ್ತು ರಾತ್ರಿಯೇ ಕೂತು ಹುಡುಕಿ, ಬಯಾಸ್ ಒಳಗೆ ಹೋಗಿ, ಎಕ್ಸ್‌ಎಂಪಿ ಅನ್ನೋದನ್ನ ಆನ್ ಮಾಡಿದೆ. 2666ಕ್ಕೆ ಏರಿತು. ಅಲ್ಲಿಗೇ ನಿಂತಿತು. ಏನು ಮಾಡಿದರೂ ಅದರಾಚೆ ಒಂದು ಹೆಜ್ಜೆ ಇಡಲಿಲ್ಲ.

ಅಂಗಡಿಯ ಹುಡುಗ ಸುಳ್ಳು ಹೇಳಿರಲಿಲ್ಲ. ಅದು ನಿಜವಾಗಿಯೂ 3200ರ ರ‍್ಯಾಮೇ. ಆದರೆ ನನ್ನ ಪ್ರೊಸೆಸರ್‌ಗೆ ಇಂಟೆಲ್ ಬರೆದುಕೊಟ್ಟಿರೋ ಮಿತಿ 2666. ಆ ಮಿತಿ ದಾಟಿಸೋ ಅವಕಾಶ ಬಿ460 ಬೋರ್ಡ್‌ನಲ್ಲಿ ಇರಲೇ ಇಲ್ಲ. ಐರಾವತ ಬಸ್ಸು ಹತ್ತಿ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತ ಹಾಗೆ. ಬಸ್ಸಿನ ತಪ್ಪಿಲ್ಲ, ಟಿಕೆಟ್ ದುಡ್ಡಂತೂ ವಾಪಸ್ ಬರಲ್ಲ.

ಹಾಗಾದ್ರೆ ಡಬ್ಬದ ಮೇಲಿನ ಸಂಖ್ಯೆಗೆ ಅರ್ಥವೇ ಇಲ್ವಾ? ಇದೆ. ಆದರೆ ನಾವು ಅಂದುಕೊಂಡ ಅರ್ಥ ಅಲ್ಲ.

ಪ್ರತಿ ರ‍್ಯಾಮ್ ಪಟ್ಟಿಯ ಮೇಲೆ ಒಂದು ಪುಟಾಣಿ ಚಿಪ್ ಇರುತ್ತೆ. ಅದರಲ್ಲಿ ಆ ರ‍್ಯಾಮ್‌ನ ಜಾತಕ ಬರೆದಿರುತ್ತೆ: ಎಷ್ಟು ಜಿಬಿ, ಯಾವ ವೇಗ, ಎಷ್ಟು ವೋಲ್ಟ್. ಕಂಪ್ಯೂಟರ್ ಆನ್ ಆದ ತಕ್ಷಣ ಮದರ್‌ಬೋರ್ಡ್ ಮೊದಲು ಓದೋದು ಅದನ್ನೇ. ಈ ಜಾತಕದಲ್ಲಿ ಎರಡು ಭಾಗ. ಮೊದಲನೆಯದು ಜೆಡೆಕ್ ಅನ್ನೋ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಒಪ್ಪಿದ ಸಾಧಾರಣ ವೇಗ. ಯಾವ ಬೋರ್ಡ್‌ಗೆ ಹಾಕಿದರೂ ತಂಟೆ ತಕರಾರಿಲ್ಲದೆ ಓಡೋ ವೇಗ ಅದು. ಎರಡನೆಯದು ರ‍್ಯಾಮ್ ಕಂಪನಿ ತಾನೇ ಪರೀಕ್ಷೆ ಮಾಡಿ ಸೇರಿಸಿದ ಹೆಚ್ಚಿನ ವೇಗದ ಪ್ರೊಫೈಲ್. ಇಂಟೆಲ್ 2007ರಲ್ಲಿ ಶುರು ಮಾಡಿದ್ದು ಎಕ್ಸ್‌ಎಂಪಿ, ಎಎಂಡಿ 2022ರಲ್ಲಿ ಡಿಡಿಆರ್5 ಜೊತೆ ತಂದಿದ್ದು ಎಕ್ಸ್‌ಪೋ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಇರೋದು ಸಾಮಾನ್ಯವಾಗಿ ಈ ಎರಡನೇ ಭಾಗದ ಸಂಖ್ಯೆ. ಬೋರ್ಡ್ ತಾನಾಗಿ ಆರಿಸಿಕೊಳ್ಳೋದು ಮೊದಲನೇ ಭಾಗದ್ದು. ಯಾರಾದರೂ ಬಯಾಸ್‌ಗೆ ಹೋಗಿ ಪ್ರೊಫೈಲ್ ಆನ್ ಮಾಡೋವರೆಗೂ ದುಡ್ಡು ಕೊಟ್ಟ ವೇಗ ಡಬ್ಬದ ಮೇಲೇ ಇರುತ್ತೆ.

ಇನ್ನೂ ಒಂದು ಮಾತು. ಆ ಪ್ರೊಫೈಲ್ ಆನ್ ಮಾಡೋದನ್ನ ಪ್ರೊಸೆಸರ್ ಕಂಪನಿಗಳು ಓವರ್‌ಕ್ಲಾಕಿಂಗ್ ಅಂತಲೇ ಕರೀತವೆ. ಅಂದ್ರೆ ರ‍್ಯಾಮ್ ಮಾಡಿದವರು "ನಮ್ಮದು 6000ಕ್ಕೆ ಓಡುತ್ತೆ" ಅಂತ ಭರವಸೆ ಕೊಡ್ತಾರೆ. ಪ್ರೊಸೆಸರ್ ಮಾಡಿದವರು "ನಮ್ಮ ಭರವಸೆ 5200ರವರೆಗೆ ಮಾತ್ರ, ಆಮೇಲಿಂದು ನಿಮ್ಮ ಅದೃಷ್ಟ" ಅಂತಾರೆ. ಉದಾಹರಣೆ ಸುಮ್ನೆ ಕೊಟ್ಟಿದ್ದಲ್ಲ. ಎಎಂಡಿಯ ರೈಝೆನ್ 7000 ಸರಣಿಯ ಅಧಿಕೃತ ಮಿತಿ 5200. ಆ ಪ್ರೊಸೆಸರ್‌ಗೆ ಎಲ್ಲರೂ ತಗೊಳ್ಳೋದು 6000ದ ರ‍್ಯಾಮ್, ಮತ್ತೆ ಬಹುತೇಕರಿಗೆ ಅದು ಚೆನ್ನಾಗೇ ಓಡುತ್ತೆ. ಆದರೆ ಒಂದು ಷರತ್ತಿದೆ. ಆ ಷರತ್ತು ಗೊತ್ತಿಲ್ಲದೆ ನಮ್ಮ ಚಿಕ್ಕಮ್ಮನ ಮಗ ಅನುಭವಿಸಿದ್ದನ್ನ ಹೇಳ್ತೀನಿ.

ಅವನು ದಾವಣಗೆರೆಯಲ್ಲಿ ಮದುವೆ ವಿಡಿಯೋ ಎಡಿಟ್ ಮಾಡ್ತಾನೆ. ಶೂಟಿಂಗೂ ಅವನದ್ದೇ, ಜೊತೆಗೊಬ್ಬ ಹುಡುಗ. ರೈಝೆನ್ 7000 ಸರಣಿಯ ಒಳ್ಳೇ ಮೆಷೀನು. 16 ಜಿಬಿಯ ಎರಡು ರ‍್ಯಾಮ್, 6000ದ್ದು. ಎಕ್ಸ್‌ಪೋ ಆನ್. ಒಂದು ವರ್ಷ ಕೆಮ್ಮಲಿಲ್ಲ, ಸೀನಲಿಲ್ಲ. ಆಮೇಲೆ ಫೋರ್-ಕೆ ಕೆಲಸ ಜಾಸ್ತಿಯಾಗಿ 32 ಜಿಬಿ ಸಾಲದೆ, ಅದೇ ಕಂಪನಿಯ ಅದೇ ಮಾಡೆಲ್‌ನ ಇನ್ನೆರಡು ತಂದು ಖಾಲಿ ಇದ್ದ ಸ್ಲಾಟ್‌ಗಳಿಗೆ ಹಾಕಿದ. ಒಟ್ಟು 64.

ಮೊದಲ ಸಲ ಆನ್ ಮಾಡಿದಾಗ ಸ್ಕ್ರೀನ್ ಕಪ್ಪು. ಹತ್ತು ನಿಮಿಷ ಕಪ್ಪು. ಎಲ್ಲಾ ಸುಟ್ಟೋಯ್ತು ಅಂತ ನನಗೆ ಫೋನ್ ಮಾಡಿದ. ಇದೇನೂ ತೊಂದರೆ ಅಲ್ಲ, ಹೆದರಬೇಡಿ. ಹೊಸ ಡಿಡಿಆರ್5 ಹಾಕಿದಾಗ ಬೋರ್ಡು ಅದರ ಜೊತೆ ಹೊಂದಿಕೊಳ್ಳೋಕೆ ಕೆಲವು ನಿಮಿಷ ತಗೊಳ್ಳುತ್ತೆ. ಮಧ್ಯದಲ್ಲಿ ಪವರ್ ತೆಗೀಬಾರದು, ಅಷ್ಟೇ. ಕಾದ ಮೇಲೆ ಸ್ಕ್ರೀನ್ ಬಂತು. ಆದರೆ ವೇಗ ನೋಡಿದರೆ 3600.

ಇಲ್ಲೇ ಆ ಷರತ್ತಿರೋದು. 5200 ಅನ್ನೋ ಮಿತಿ ಎರಡು ಪಟ್ಟಿ ಹಾಕಿದಾಗ. ನಾಲ್ಕು ಹಾಕಿದರೆ ಅದೇ ಪ್ರೊಸೆಸರ್‌ನ ಅಧಿಕೃತ ಮಿತಿ 3600ಕ್ಕೆ ಇಳಿಯುತ್ತೆ. ಎಎಂಡಿಯವರು ತಮ್ಮ ಜಾಲತಾಣದಲ್ಲಿ ಇದನ್ನ ಮುಚ್ಚಿಟ್ಟಿಲ್ಲ, ಪ್ರತಿ ಪ್ರೊಸೆಸರ್‌ನ ಪುಟದಲ್ಲಿ ಬರೆದಿದ್ದಾರೆ. ಓದೋರು ಯಾರು? ಇಂಟೆಲ್ ಕಡೆಯೂ ಡಿಡಿಆರ್5 ನಾಲ್ಕು ಹಾಕಿದರೆ ಮಿತಿ ಇಳಿಯುತ್ತೆ. ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್ ಒಂದೊಂದು ಚಾನೆಲ್‌ನಲ್ಲಿ ಒಂದೊಂದು ಪಟ್ಟಿಯನ್ನ ಸಂಭಾಳಿಸೋದು ಬೇರೆ, ಒಂದೇ ತಂತಿಗೆ ಇಬ್ಬಿಬ್ಬರು ನೇತುಬಿದ್ದಾಗ ಸಿಗ್ನಲ್ ಶುದ್ಧವಾಗಿ ಇಡೋದು ಬೇರೆ. ಮೇಲಾಗಿ ಬೇರೆ ಬೇರೆ ದಿನ ಕೊಂಡ ಎರಡು ಜೋಡಿ. ಮಾಡೆಲ್ ನಂಬರ್ ಒಂದೇ ಇದ್ದರೂ ಒಳಗಿನ ಚಿಪ್‌ಗಳು ಒಂದೇ ಇರಬೇಕು ಅಂತಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತು ಅನ್ನೋ ಹಾಗೆ.

ಅವನಿಗೆ 3600 ಅಂತ ನೋಡಿ ಹೊಟ್ಟೆ ಉರೀತು. ಮತ್ತೆ ಎಕ್ಸ್‌ಪೋ ಆನ್ ಮಾಡಿದ. ಮೊದಲ ಸಲ ಬೂಟ್ ಆಗಲಿಲ್ಲ. ಎರಡನೇ ಸಲ ಆಯ್ತು. 64 ಜಿಬಿ, 6000! ನನಗೆ ಸ್ಕ್ರೀನ್‌ಶಾಟ್ ಕಳಿಸಿದ. ನಾನೂ ಹೆಬ್ಬೆರಳು ಎತ್ತಿದೆ. ಆ ಹೆಬ್ಬೆರಳಿನ ಬಗ್ಗೆ ನನಗೆ ಈಗಲೂ ಬೇಜಾರಿದೆ.

ಅದೇ ವಾರ ಹರಿಹರದ ಹತ್ತಿರ ಒಂದು ಮದುವೆ ಇತ್ತು. ರಾತ್ರಿ ಬಂದು ಕ್ಯಾಮೆರಾ ಕಾರ್ಡ್‌ಗಳನ್ನ ಕಂಪ್ಯೂಟರ್‌ಗೆ ಕಾಪಿ ಮಾಡಿದ. ಬೆಳಗ್ಗೆ ಇನ್ನೊಂದು ಮದುವೆ, ಕಾರ್ಡ್ ಫಾರ್ಮ್ಯಾಟ್ ಮಾಡಿ ಹೊರಟ. ಮೂರು ದಿನ ಬಿಟ್ಟು ಎಡಿಟಿಂಗ್‌ಗೆ ಕೂತಾಗ ಮುಹೂರ್ತದ ಕ್ಲಿಪ್‌ಗಳಲ್ಲಿ ಹಸಿರು ಚೌಕಗಳು. ಒಂದು ಕ್ಲಿಪ್ ತೆರೆಯಲೇ ಇಲ್ಲ. ಹುಡುಗ ತಾಳಿ ಕಟ್ಟೋ ಕ್ಲಿಪ್ ಅದೇ. ಎರಡನೇ ಕ್ಯಾಮೆರಾದಲ್ಲಿ ಆ ಹೊತ್ತಿಗೆ ಪುರೋಹಿತರ ಬೆನ್ನು.

ಹುಡುಗಿಯ ಅಜ್ಜಿ ಹಾಸಿಗೆ ಹಿಡಿದಿದ್ದರಂತೆ, ಮದುವೆಗೆ ಬರೋಕೆ ಆಗಿರಲಿಲ್ಲ. ವಿಡಿಯೋದಲ್ಲೇ ನೋಡ್ತೀನಿ ಅಂದಿದ್ದರಂತೆ. ಇದನ್ನ ಹುಡುಗಿಯ ಅಪ್ಪ ಸಿಟ್ಟಿನಿಂದ ಹೇಳಲಿಲ್ಲ, ಸುಮ್ನೆ ಹೇಳಿದರು ಅಂತ ನಮ್ಮವನು ಹೇಳುವಾಗ ಅವನ ದನಿ ಚೆನ್ನಾಗಿರಲಿಲ್ಲ. ಪೂರ್ತಿ ದುಡ್ಡು ವಾಪಸ್ ಕೊಟ್ಟ. ಅದರಿಂದ ಏನಾಗಬೇಕು.

ಕಾರ್ಡ್ ಕೆಟ್ಟಿದೆ ಅಂದ, ಹಾರ್ಡ್ ಡಿಸ್ಕ್ ಅಂದ, ಸಾಫ್ಟ್‌ವೇರ್ ಅಂದ. ನಾನು ಹೇಳಿದ್ದು ಒಂದೇ: ಮೆಮ್‌ಟೆಸ್ಟ್86+ ಓಡಿಸು. ಇದು ಉಚಿತ. ಪೆನ್ ಡ್ರೈವ್‌ಗೆ ಹಾಕಿ, ಅದರಿಂದಲೇ ಕಂಪ್ಯೂಟರ್ ಆನ್ ಮಾಡಿದರೆ ವಿಂಡೋಸ್ ಇಲ್ಲದೆಯೇ ರ‍್ಯಾಮ್‌ನ ಮೂಲೆ ಮೂಲೆಗೂ ಬರೆದು ಓದಿ ನೋಡುತ್ತೆ. ಹತ್ತು ನಿಮಿಷದೊಳಗೆ ಕೆಂಪು ಸಾಲುಗಳು ಬಂದವು. ಹೊಸ ಎರಡನ್ನ ತೆಗೆದು ಹಳೇ ಎರಡರಲ್ಲೇ ರಾತ್ರಿಯಿಡೀ ಓಡಿಸಿದ. ಒಂದೂ ತಪ್ಪಿಲ್ಲ. ಹೊಸ ಎರಡನ್ನೇ ಹಾಕಿ ಓಡಿಸಿದ. ಅವೂ ಶುದ್ಧ. ನಾಲ್ಕೂ ಸೇರಿ 6000ಕ್ಕೆ ಓಡಿದರೆ ಮಾತ್ರ ತಪ್ಪು.

ಆ ಕ್ಲಿಪ್ ಹಾಳಾಗಿದ್ದು ಇದರಿಂದಲೇ ಅಂತ ನೂರಕ್ಕೆ ನೂರು ಸಾಬೀತು ಮಾಡೋಕೆ ಈಗ ದಾರಿಯಿಲ್ಲ, ಕಾರ್ಡ್ ಅಳಿಸಿ ಆಗಿದೆ. ಆದರೆ ಕಾರ್ಡ್‌ನಿಂದ ಡಿಸ್ಕ್‌ಗೆ ಹೋಗೋ ಪ್ರತಿ ಫೈಲೂ ರ‍್ಯಾಮ್ ಮೂಲಕವೇ ಹೋಗೋದು. ಅಲ್ಲಿ ಒಂದು ಅಂಕಿ ಬದಲಾದರೆ ಯಾರೂ ಎಚ್ಚರಿಸಲ್ಲ, ಡಿಸ್ಕ್ ಆ ತಪ್ಪನ್ನೇ ಶ್ರದ್ಧೆಯಿಂದ ಬರೆದಿಟ್ಟುಕೊಳ್ಳುತ್ತೆ. ಅಸ್ಥಿರ ರ‍್ಯಾಮ್‌ನ ಅಪಾಯ ನೀಲಿ ಸ್ಕ್ರೀನ್ ಅಲ್ಲ. ನೀಲಿ ಸ್ಕ್ರೀನ್ ಕಣ್ಣಿಗಾದರೂ ಕಾಣುತ್ತೆ.

ಕೊನೆಗೆ ನಾಲ್ಕನ್ನೂ ಮಾರಿ, 32 ಜಿಬಿಯ ಎರಡಿರೋ ಒಂದೇ ಪ್ಯಾಕ್ ತಗೊಂಡ. ಅದೇ 64, ಅದೇ 6000, ರಾತ್ರಿಯಿಡೀ ಪರೀಕ್ಷೆಯಲ್ಲಿ ಸೊನ್ನೆ ತಪ್ಪು. ಆಗಿನ್ನೂ ರ‍್ಯಾಮ್ ಅಗ್ಗ ಇತ್ತು. 2025ರ ಕೊನೆಯಿಂದ ಬೆಲೆ ಹೇಗೆ ಏರಿದೆ ಅಂತ ಈಚೆಗೆ ಕೊಂಡವರಿಗೆ ಗೊತ್ತು. ಚಿಪ್ ಕಂಪನಿಗಳ ಗಮನವೆಲ್ಲ ಎಐ ಸರ್ವರ್‌ಗಳ ಮೆಮೊರಿ ಕಡೆ ಹೋಗಿದೆ. ಮೈಕ್ರಾನ್ ಅಂತೂ 2025ರ ಡಿಸೆಂಬರ್‌ನಲ್ಲಿ, ನಾವೆಲ್ಲ ಕೊಳ್ಳುತ್ತಿದ್ದ ತನ್ನ ಕ್ರೂಷಿಯಲ್ ಬ್ರ್ಯಾಂಡಿನ ವ್ಯಾಪಾರವನ್ನೇ ಮುಚ್ಚೋದಾಗಿ ಹೇಳಿತು. ಹೀಗಿರುವಾಗ ಓಡದ ವೇಗಕ್ಕೆ ದುಡ್ಡು ಕೊಡೋದು ಇನ್ನೂ ನೋಯುತ್ತೆ.

ಹಾಗಾಗಿ ಈಗ ಯಾರಾದರೂ ಕೇಳಿದರೆ ನಾನು ರ‍್ಯಾಮ್‌ನಿಂದ ಶುರು ಮಾಡೋದೇ ಇಲ್ಲ. ಮೊದಲು ಪ್ರೊಸೆಸರ್. ಅದರ ಕಂಪನಿಯ ಪುಟಕ್ಕೆ ಹೋಗಿ ಮೆಮೊರಿ ಅನ್ನೋ ಸಾಲು ನೋಡಿ. ಅಲ್ಲಿರೋ ಸಂಖ್ಯೆ ನಿಮಗೆ ಖಾತ್ರಿಯಾಗಿ ಸಿಗೋದು. ಆಮೇಲೆ ಬೋರ್ಡ್, ಅದು ಆ ಸಂಖ್ಯೆ ದಾಟೋಕೆ ಬಿಡುತ್ತಾ ಇಲ್ವಾ. ಇಂಟೆಲ್‌ನಲ್ಲಿ ಬಿ460ರವರೆಗೆ ಬಿ ಸರಣಿಯ ಬೋರ್ಡ್‌ಗಳು ಬಿಡುತ್ತಿರಲಿಲ್ಲ, 2021ರಲ್ಲಿ ಬಂದ ಬಿ560ರಿಂದ ಬಿಡ್ತವೆ. ನಾನು ಎರಡು ತಿಂಗಳು ಕಾದಿದ್ದರೆ ಸಾಕಿತ್ತು, ಇರಲಿ. ಬೋರ್ಡ್ ಕಂಪನಿಗಳು ತಾವು ಪರೀಕ್ಷೆ ಮಾಡಿದ ರ‍್ಯಾಮ್‌ಗಳ ಪಟ್ಟಿಯನ್ನೂ ತಮ್ಮ ತಾಣದಲ್ಲಿ ಹಾಕಿರ್ತವೆ. ನೀವು ಕೊಳ್ಳೋ ಮಾಡೆಲ್ ನಂಬರ್ ಅದರಲ್ಲಿ, ಅದೇ ಸಂಖ್ಯೆಯ ಪಟ್ಟಿಗಳೊಂದಿಗೆ ಇದ್ದರೆ ಅರ್ಧ ತಲೆನೋವು ಹೋದ ಹಾಗೆ.

ಕೊನೆಗೆ ರ‍್ಯಾಮ್. ಇಲ್ಲಿ ನಾನು ನೋಡೋದು ವೇಗಕ್ಕಿಂತ ಮೊದಲು ವೋಲ್ಟ್. ಡಿಡಿಆರ್4 ಡಬ್ಬದಲ್ಲಿ 3200 ಅಂತಿದ್ದು 1.2 ವೋಲ್ಟ್ ಅಂತಿದ್ದರೆ ಅದು ಜೆಡೆಕ್‌ನ ಸಾದಾ 3200. ಪ್ರೊಸೆಸರ್‌ಗೆ ಅಷ್ಟು ಮಿತಿ ಇದ್ದರೆ ಯಾವ ಬಯಾಸೂ ಮುಟ್ಟದೆ ಅಷ್ಟಕ್ಕೇ ಓಡುತ್ತೆ. 1.35 ಅಂತಿದ್ದರೆ ಅದು ಪ್ರೊಫೈಲ್ ಬೇಡೋ 3200. ಡಿಡಿಆರ್5ನಲ್ಲಿ ಇದೇ ಗುರುತು 1.1 ವೋಲ್ಟ್. 1.25, 1.35, 1.4 ಅಂತ ಇದ್ದರೆ ಪ್ರೊಫೈಲ್ ಆನ್ ಮಾಡಬೇಕು ಅಂತ ಅರ್ಥ. ಈ ಒಂದು ಸಾಲು ನನಗೆ 2020ರಲ್ಲಿ ಗೊತ್ತಿದ್ದರೆ ಈ ಅಂಕಣ ಬರೀತಿರಲಿಲ್ಲ.

ಸಿಎಲ್ ಅನ್ನೋ ಇನ್ನೊಂದು ಸಂಖ್ಯೆಯೂ ಇರುತ್ತೆ. ಕೇಳಿದ ಡೇಟಾ ಕೊಡೋಕೆ ರ‍್ಯಾಮ್ ಎಷ್ಟು ಮಿಡಿತ ಕಾಯಿಸುತ್ತೆ ಅನ್ನೋದು ಅದು. ಕಡಿಮೆ ಇದ್ದಷ್ಟೂ ಒಳ್ಳೇದು, ಆದರೆ ವೇಗದ ಜೊತೆ ಸೇರಿಸಿ ನೋಡಬೇಕು. 3200 ಸಿಎಲ್16 ಆಗಲಿ, 6000 ಸಿಎಲ್30 ಆಗಲಿ, ಕಾಯೋ ಹೊತ್ತು ಲೆಕ್ಕ ಹಾಕಿದರೆ ಎರಡೂ ಸರಿಯಾಗಿ 10 ನ್ಯಾನೋಸೆಕೆಂಡ್. 4800 ಸಿಎಲ್40 ಆದರೆ ಹದಿನಾರೂ ಮುಕ್ಕಾಲು ಹತ್ತಿರ. ಇದಕ್ಕಿಂತ ಆಳಕ್ಕೆ ಇಳಿಯೋದು ಹವ್ಯಾಸ ಇದ್ದವರಿಗೆ ಬಿಟ್ಟಿದ್ದು.

ಒಂಟಿ ಪಟ್ಟಿ ಬೇಡ. 16 ಬೇಕಿದ್ದರೆ 8ರ ಎರಡು, ಒಂದೇ ಡಬ್ಬದಲ್ಲಿ ಜೋಡಿಯಾಗಿ ಬಂದದ್ದು. 3200ರ ಒಂದು ಪಟ್ಟಿ ಸೆಕೆಂಡಿಗೆ 25.6 ಜಿಬಿ ಸಾಗಿಸಬಲ್ಲದು. 2666ರ ಎರಡು ಸೇರಿದರೆ 42 ದಾಟುತ್ತೆ. ಅಂದ್ರೆ ನಿಧಾನದ ಜೋಡಿ ವೇಗದ ಒಂಟಿಗಿಂತ ಮುಂದೆ. ನಾಲ್ಕು ಸ್ಲಾಟ್ ಇರೋ ಬೋರ್ಡ್‌ನಲ್ಲಿ ಜೋಡಿಯನ್ನ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಬೇಕು. ಪಕ್ಕ ಪಕ್ಕ ಹಾಕಿದ್ದನ್ನ ಎಷ್ಟೋ ಕಡೆ ನೋಡಿದ್ದೀನಿ, ಅಂಗಡಿಯವರೇ ಹಾಕಿದ್ದು.

ಅಂಗಡಿಯಲ್ಲಿ ಜೋಡಿಸಿಕೊಳ್ಳೋರು ದುಡ್ಡು ಕೊಡೋ ಮುಂಚೆ "ಪ್ರೊಫೈಲ್ ಆನ್ ಮಾಡಿ ವೇಗ ತೋರಿಸಿ" ಅನ್ನಿ. ಎರಡು ನಿಮಿಷದ ಕೆಲಸ, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಅಂದಹಾಗೆ ಸಿಪಿಯು-ಝಡ್ ಅನ್ನೋ ತಂತ್ರಾಂಶದಲ್ಲಿ 3200ರ ರ‍್ಯಾಮ್ 1600 ಅಂತ ಕಾಣಿಸಿದರೆ ಜಗಳಕ್ಕೆ ಹೋಗಬೇಡಿ. ಡಿಡಿಆರ್ ಒಂದು ಮಿಡಿತಕ್ಕೆ ಎರಡು ಸಲ ಡೇಟಾ ಕಳಿಸುತ್ತೆ. ಅದು ಮಿಡಿತ ತೋರಿಸುತ್ತೆ, ಡಬ್ಬ ಅದರ ಎರಡರಷ್ಟು ತೋರಿಸುತ್ತೆ. ಎರಡೂ ಸರಿ.

ಲ್ಯಾಪ್‌ಟಾಪ್‌ನವರದ್ದು ಬೇರೆ ಲೆಕ್ಕ. ಬಹುತೇಕ ಲ್ಯಾಪ್‌ಟಾಪ್‌ಗಳ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅನ್ನೋದೇ ಇರಲ್ಲ. ಹಾಗಾಗಿ 1.2 ಅಥವಾ 1.1 ವೋಲ್ಟ್‌ನ ಸಾದಾ ಜೆಡೆಕ್ ರ‍್ಯಾಮೇ ನಿಮ್ಮದು, ಅದೂ ಲ್ಯಾಪ್‌ಟಾಪ್‌ನ ಮಿತಿಯ ವೇಗದ್ದು. 2666ರ ಲ್ಯಾಪ್‌ಟಾಪ್‌ಗೆ 3200 ಹಾಕಿದರೆ ಏನೂ ಹಾಳಾಗಲ್ಲ, 2666ರಲ್ಲೇ ಓಡುತ್ತೆ. ತೆಳ್ಳಗಿನ ಹೊಸ ಮಾದರಿಗಳಲ್ಲಿ ರ‍್ಯಾಮ್ ಬೋರ್ಡ್‌ಗೇ ಬೆಸುಗೆ ಆಗಿರುತ್ತೆ. ಅಲ್ಲಿ ಆಯ್ಕೆ ಇರೋದು ಕೊಳ್ಳೋ ದಿನ ಮಾತ್ರ.

ಇಷ್ಟೆಲ್ಲಾ ಹೇಳಿದ ಮೇಲೆ ಒಂದು ಸತ್ಯ ಒಪ್ಪಿಕೊಳ್ಳಬೇಕು. ಮೇಲ್, ಬ್ರೌಸರ್, ಎಕ್ಸೆಲ್, ಮೀಟಿಂಗ್ ಇಷ್ಟೇ ಆದರೆ 2133ಕ್ಕೂ 3200ಕ್ಕೂ ವ್ಯತ್ಯಾಸ ನಿಮಗೆ ಗೊತ್ತೇ ಆಗಲ್ಲ. ನನಗೇ ಎರಡು ವರ್ಷ ಗೊತ್ತಾಗಲಿಲ್ಲವಲ್ಲ. ವ್ಯತ್ಯಾಸ ಕಾಣೋದು ಗೇಮ್ ಆಡೋರಿಗೆ, ಅದರಲ್ಲೂ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಬಳಸೋರಿಗೆ. ಆ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಇದೇ ರ‍್ಯಾಮ್‌ನಲ್ಲಿ ಪಾಲು ಕೇಳುತ್ತೆ. ಉಳಿದವರು ಸಾದಾ ವೇಗದ್ದನ್ನ ತಗೊಂಡು, ಉಳಿದ ದುಡ್ಡಿಗೆ ಇನ್ನಷ್ಟು ಜಿಬಿ ಸೇರಿಸಿಕೊಳ್ಳಲಿ ಅಂತ ನನ್ನ ಅಭಿಪ್ರಾಯ.

ನಮ್ಮ ದಾವಣಗೆರೆಯವನು ಈಗ ಕಾರ್ಡ್ ಅಳಿಸೋದು ವಿಡಿಯೋ ಮನೆಯವರ ಕೈ ಸೇರಿದ ಮೇಲೆಯೇ. ಆ ಹರಿಹರದ ಮದುವೆಯಲ್ಲಿ ಹುಡುಗಿಯ ಮಾವ ಒಬ್ಬರು ಮೊಬೈಲ್‌ನಲ್ಲಿ ತಾಳಿ ಕಟ್ಟೋದನ್ನ ತೆಗೆದಿದ್ದರಂತೆ, ಅಡ್ಡಾದಿಡ್ಡಿ, ಮಧ್ಯೆ ಯಾರದ್ದೋ ಪೇಟ. ಹನ್ನೊಂದು ಸೆಕೆಂಡ್. ಅದನ್ನೇ ಸೇರಿಸಿ ವಿಡಿಯೋ ಮುಗಿಸಿಕೊಟ್ಟ. ಅಜ್ಜಿ ನೋಡಿದರಂತೆ.